ಕೈತೂಕದ ಎಸ್‌ಎಂಪಿಎಸ್

ಕಂಪ್ಯೂಟರ್ ರಿಪೇರಿಗೆ ಹೊಸದಾಗಿ ಇಳಿಯುವವರು ನನ್ನನ್ನು ಕಂಡಾಗ ಮೊದಲು ಕೇಳುವುದು ಪ್ರೊಸೆಸರ್ ವಿಷಯ. ಆಮೇಲೆ ಗ್ರಾಫಿಕ್ಸ್ ಕಾರ್ಡಿನದು. ಎಸ್‌ಎಂಪಿಎಸ್ ಬಗ್ಗೆ ತಾವಾಗಿ ಕೇಳಿದವರನ್ನು ನಾನು ಕಂಡಿಲ್ಲ. ಗೋಡೆಯಿಂದ ಬರುವ ಕರೆಂಟನ್ನು ಹದಮಾಡಿ ಕಂಪ್ಯೂಟರಿನ ಒಂದೊಂದು ಭಾಗಕ್ಕೂ ಬೇಕಾದಷ್ಟೇ ಹಂಚುವ ತಗಡಿನ ಪೆಟ್ಟಿಗೆ ಅದು. ಮದುವೆಮನೆಯ ಅಡುಗೆಯವನ ಹಾಗೆ. ಊಟ ಚೆನ್ನಾಗಿದ್ದರೆ ಅವನ ಹೆಸರು ಯಾರಿಗೂ ಬೇಡ, ಸಾರು ಕೆಟ್ಟರೆ ಮಾತ್ರ ಎಲ್ಲರೂ ಅವನನ್ನೇ ಹುಡುಕುತ್ತಾರೆ. ದಾವಣಗೆರೆಯಲ್ಲಿ ಸರ್ವಿಸ್ ಎಂಜಿನಿಯರ್ ಅನ್ನಿಸಿಕೊಂಡು ಕಳೆದ ವರ್ಷಗಳಲ್ಲಿ ನಾನು ಹೆಚ್ಚು ಬೈಸಿಕೊಂಡದ್ದೂ ಈ ಪೆಟ್ಟಿಗೆಯಿಂದ, ಹೆಚ್ಚು ಖುಷಿಪಟ್ಟದ್ದೂ ಇದರಿಂದಲೇ. ಅದಕ್ಕೆ ಇದರ ಕಥೆಯನ್ನೇ ಬರೆಯುತ್ತಿದ್ದೇನೆ. ನನಗೆ ಯಾವಾಗ ಸಂಬಳ ಏರಿತು, ಯಾವಾಗ ಕುರ್ಚಿ ಬದಲಾಯಿತು ಎಂಬುದು ನನ್ನ ಹೆಂಡತಿಗೇ ನೆನಪಿಲ್ಲ, ನಿಮಗ್ಯಾಕೆ?

ತೊಂಬತ್ತರ ದಶಕ ಮುಗಿಯುತ್ತ ಬಂದಿದ್ದ ಕಾಲ. ನಮ್ಮ ಅಂಗಡಿ ಮಂಡಿಪೇಟೆಯ ಒಂದು ಓಣಿಯಲ್ಲಿತ್ತು. ಮಾಲೀಕರು ಮುರಿಗೆಪ್ಪ ಸಾಹುಕಾರರು. ಅವರ ಅಪ್ಪ, ಅಜ್ಜ ಶೇಂಗಾ, ಮೆಕ್ಕೆಜೋಳದ ವ್ಯಾಪಾರ ಮಾಡಿದವರು. ಇವರು ಅದೇ ಅಂಗಡಿಯಲ್ಲಿ ಕಂಪ್ಯೂಟರ್ ಇಟ್ಟರು. ಆದರೆ ಗಾದಿ ತೆಗೆಯಲಿಲ್ಲ, ಒರಗುವ ಲೋಡು ತೆಗೆಯಲಿಲ್ಲ. ಬಿಳಿ ಗಾದಿಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು ಮದರ್‌ಬೋರ್ಡ್ ಮಾರಿದ ಮನುಷ್ಯ ಕರ್ನಾಟಕದಲ್ಲಿ ಅವರೊಬ್ಬರೇ ಇರಬೇಕು. ಅವರಿಗೆ ಇಂಗ್ಲಿಷ್ ಅಷ್ಟಕ್ಕಷ್ಟೆ, ಎಲೆಕ್ಟ್ರಾನಿಕ್ಸ್ ಅದಕ್ಕಿಂತ ಕಡಿಮೆ. ಮನುಷ್ಯರ ಮುಖ ಓದುವುದರಲ್ಲಿ ಮಾತ್ರ ಪಂಡಿತರು.

ಎಸ್‌ಎಂಪಿಎಸ್ ಕೊಳ್ಳುವುದಕ್ಕೆ ಅವರದೊಂದು ಪದ್ಧತಿ ಇತ್ತು. ಬೆಂಗಳೂರಿನಿಂದ ಮಾಲು ಬಂದರೆ ಒಂದನ್ನು ಎಡಗೈಯಲ್ಲಿ, ಇನ್ನೊಂದನ್ನು ಬಲಗೈಯಲ್ಲಿ ಹಿಡಿದು ಕಣ್ಣುಮುಚ್ಚಿ ತೂಗುತ್ತಿದ್ದರು. ಭಾರವಾದದ್ದು ಗಾದಿಯ ಮೇಲೆ ಉಳಿಯುತ್ತಿತ್ತು, ಹಗುರವಾದದ್ದು ವಾಪಸ್ ಡಬ್ಬಿಗೆ. ‘ಮಾಲಂದ್ರೆ ಕೈಗೆ ಹತ್ತಬೇಕು ಬಸು. ಹಗುರ ಇರೋದು ಹೊಟ್ಟು’ ಅನ್ನುತ್ತಿದ್ದರು. ನಾನು ನಗುತ್ತಿರಲಿಲ್ಲ. ಆ ಮಾತಿನಲ್ಲಿ ಅರ್ಥವಿತ್ತು. ಒಳ್ಳೆಯ ಎಸ್‌ಎಂಪಿಎಸ್ ಒಳಗೆ ತಾಮ್ರ ಹೆಚ್ಚಿರುತ್ತದೆ, ಶಾಖ ಹೀರುವ ಅಲ್ಯೂಮಿನಿಯಂ ದಪ್ಪಗಿರುತ್ತದೆ. ಗಿರಾಕಿಗಳೂ ಇದನ್ನೇ ಕಲಿತರು. ನಮ್ಮ ಊರಿನಲ್ಲಿ ಕಂಪ್ಯೂಟರ್ ಕೊಳ್ಳಲು ಬಂದವರು ಅದನ್ನು ಆನ್ ಮಾಡಿ ನೋಡುವ ಮುಂಚೆ ಎತ್ತಿ ನೋಡುತ್ತಿದ್ದರು.

ನಾನು ಕೆಲಸಕ್ಕೆ ಸೇರಿದಾಗ ಎಸ್‌ಎಂಪಿಎಸ್‌ನಿಂದ ಮದರ್‌ಬೋರ್ಡಿಗೆ ಎರಡು ತುಂಡು ಕನೆಕ್ಟರ್ ಬರುತ್ತಿದ್ದವು. ಅದಲುಬದಲಾಗಿ ಸಿಕ್ಕಿಸಿದರೆ ಬೋರ್ಡು ಸುಟ್ಟುಹೋಗುತ್ತಿತ್ತು. ಕರಿ ವೈರು ಕರಿ ವೈರಿನ ಪಕ್ಕ ಬರಬೇಕು ಅನ್ನುವುದೇ ನಮ್ಮ ಮೊದಲ ಪಾಠ. ಆಮೇಲೆ ಒಂದೇ ಉದ್ದ ಕನೆಕ್ಟರ್ ಬಂತು. ತಪ್ಪಾಗಿ ಸಿಕ್ಕಿಸಲು ಹೋದರೆ ಅದು ಒಳಗೆ ಹೋಗುವುದೇ ಇಲ್ಲ. ಒಂದು ತಲೆಮಾರಿನ ಜಾಣತನವನ್ನು ಒಂದು ಪ್ಲಾಸ್ಟಿಕ್ ತುಂಡು ಬೇಡವಾಗಿಸಿತು. ನನಗೆ ಬೇಸರವಾಗಲಿಲ್ಲ. ಬೋರ್ಡು ಸುಟ್ಟ ವಾಸನೆ ಮೂಸಿದವರಿಗೆ ಅದರ ಬೆಲೆ ಗೊತ್ತು.

ಆದರೆ ಹಿಂದುಗಡೆ ಒಂದು ಕೆಂಪು ಸ್ವಿಚ್ ಹಾಗೇ ಉಳಿಯಿತು. ಒಂದು ಕಡೆ ೧೧೫, ಇನ್ನೊಂದು ಕಡೆ ೨೩೦. ನೂರಾಹದಿನೈದು ಬೇರೆ ದೇಶದವರಿಗೆ, ನಮ್ಮದು ಇನ್ನೂರಾಮೂವತ್ತು. ಹದಡಿಯಲ್ಲಿ ಗೊಬ್ಬರದ ಅಂಗಡಿ ಇಟ್ಟಿದ್ದ ರುದ್ರೇಶಪ್ಪ ಅನ್ನುವವರಿಗೆ ನಾವೊಂದು ಕಂಪ್ಯೂಟರ್ ಕೊಟ್ಟಿದ್ದೆವು. ಪಂಪ್‌ಸೆಟ್‌ಗೆ ಕರೆಂಟ್ ಬಿಟ್ಟ ಹೊತ್ತಿನಲ್ಲಿ ಅಲ್ಲಿ ಬಲ್ಬು ಟೊಮೆಟೊ ಹಣ್ಣಿನ ಬಣ್ಣಕ್ಕೆ ತಿರುಗುತ್ತಿತ್ತು, ಕಂಪ್ಯೂಟರ್ ಏಳುತ್ತಿರಲಿಲ್ಲ. ಒಂದು ದಿನ ಅವರು ಫೋನ್ ಮಾಡಿ, ತಾವೇ ರಿಪೇರಿ ಮಾಡಿಕೊಂಡಿದ್ದಾಗಿ, ಈಗ ಜೋರಾಗಿ ಓಡುತ್ತಿರುವುದಾಗಿ ಹೇಳಿದರು. ಮಾರನೇ ದಿನ ಮತ್ತೆ ಫೋನ್: ಪಂಪ್‌ಸೆಟ್ ಎಲ್ಲ ನಿಂತು ಕರೆಂಟ್ ಪೂರ್ತಿ ಏರಿದ ಮೇಲೆ ಕಂಪ್ಯೂಟರ್ ಪಟಾಕಿ ಹೊಡೆದಿತ್ತು. ಹೋಗಿ ನೋಡಿದರೆ ಸ್ವಿಚ್ ೧೧೫ರ ಕಡೆಗಿದೆ. ಯಾಕೆ ಹೀಗೆ ಮಾಡಿದಿರಿ ಎಂದು ಕೇಳಿದೆ.

‘ಮೀಟರ್ ಇಟ್ಟು ನೋಡಿದೆ, ನೂರೈವತ್ತು ತೋರಿಸ್ತು. ಇನ್ನೂರಾಮೂವತ್ತಕ್ಕಿಂತ ನೂರಾಹದಿನೈದೇ ಹತ್ರ ಅಲ್ಲೇನ್ರಿ?’

ಲೆಕ್ಕದಲ್ಲಿ ಎಳ್ಳಷ್ಟೂ ತಪ್ಪಿಲ್ಲ. ನಾನು ಅವರ ಮುಂದೆ ನಗಲಿಲ್ಲ, ಬಸ್ಸಿನಲ್ಲಿ ಕೂತು ನಕ್ಕೆ. ಆಮೇಲೆ ಯೋಚನೆ ಹತ್ತಿತು. ಕರೆಂಟ್ ಕುಸಿದಾಗಲೂ ತಾಳಿಕೊಳ್ಳುವ ಎಸ್‌ಎಂಪಿಎಸ್ ಕೊಟ್ಟಿದ್ದರೆ ಅವರು ಆ ಸ್ವಿಚ್ಚಿಗೆ ಕೈಯನ್ನೇ ಹಾಕುತ್ತಿರಲಿಲ್ಲ. ನಾವು ಕೊಟ್ಟದ್ದು ನಮ್ಮ ಸಾಹುಕಾರರು ಕೈಯಾರೆ ತೂಗಿ ಆರಿಸಿದ ಭಾರದ ಮಾಲು. ಆ ಸುಟ್ಟ ಪೆಟ್ಟಿಗೆಯನ್ನು ಗ್ಯಾರಂಟಿಗೆಂದು ಹಾಗೇ ಬೆಂಗಳೂರಿಗೆ ಕಳಿಸಿಬಿಟ್ಟೆವು, ಬಿಚ್ಚಿ ನೋಡಲಿಲ್ಲ. ಮೇಲಿನ ಚೀಟಿ ಹರಿದರೆ ಗ್ಯಾರಂಟಿ ಇಲ್ಲ ಅನ್ನುವುದು ಸಪ್ಲೈ ಮಾಡುವವರ ಕಾನೂನು. ನಮ್ಮ ದಂಧೆಯಲ್ಲಿ ಆ ಚೀಟಿಯನ್ನು ಯಾರೂ ಮುಟ್ಟುತ್ತಿರಲಿಲ್ಲ.

ಅದಾದ ಸ್ವಲ್ಪ ದಿನಕ್ಕೆ ನಿಟ್ಟುವಳ್ಳಿಯಿಂದ ಶಾಹಿದಾ ಬಂದಳು, ಜೊತೆಗೆ ಅವಳ ತಂದೆ ಖಾದರ್ ಸಾಬ್ರು. ಸಾಬ್ರದು ಪ್ಯಾಟರ್ನ್ ಕೆಲಸ. ಫೌಂಡ್ರಿಯಲ್ಲಿ ಕಬ್ಬಿಣ ಕರಗಿಸಿ ಎರಕ ಹೊಯ್ಯುವ ಮೊದಲು ಮರಳಿನಲ್ಲಿ ಅಚ್ಚು ಮೂಡಿಸಬೇಕಲ್ಲ, ಅದಕ್ಕೆ ಬೇಕಾದ ಮರದ ಮಾದರಿಯನ್ನು ಕೆತ್ತಿಕೊಡುವುದು. ಹರಿಹರದ ಹಾಲಪ್ಪ ಅನ್ನುವವರ ಫೌಂಡ್ರಿಯೇ ಅವರ ಅನ್ನ. ಆ ಹಾಲಪ್ಪನವರು ಒಂದು ಮಾತು ಹೇಳಿ ಕಳಿಸಿದ್ದರು. ಅವರ ಹೊಸ ಗಿರಾಕಿಗಳು ಕಂಪ್ಯೂಟರ್ ಡ್ರಾಯಿಂಗ್ ಕೇಳುತ್ತಿದ್ದಾರೆ. ಮರ ಕೊರೆಯುವ ಮುಂಚೆ ತುಂಡನ್ನು ಪರದೆಯ ಮೇಲೆ ತಿರುಗಿಸಿ ತೋರಿಸಬೇಕು, ಹೇಳಿದ ತಿದ್ದುಪಡಿಯನ್ನು ಕಣ್ಣೆದುರಿಗೇ ಮಾಡಬೇಕು. ಆದರೆ ತಮ್ಮ ಡ್ರಾಯಿಂಗ್ ಕಾಂಪೌಂಡ್ ದಾಟಿ ಹೊರಗೆ ಹೋಗಕೂಡದು. ಇದು ಆಗದಿದ್ದರೆ ಎಲ್ಲ ಕೆಲಸವನ್ನೂ ಪರ ಊರಿನ ಪಾರ್ಟಿಗೆ ಕೊಡುತ್ತೇನೆ ಅಂದಿದ್ದರು.

ಶಾಹಿದಾ ಡ್ರಾಫ್ಟ್ಸ್‌ಮನ್ ಕೋರ್ಸ್ ಮುಗಿಸಿ, ಹುಬ್ಬಳ್ಳಿಯ ಚಿಕ್ಕಮ್ಮನ ಮನೆಯಲ್ಲಿದ್ದುಕೊಂಡು ಕಂಪ್ಯೂಟರಿನಲ್ಲಿ ಅಂಥ ಡ್ರಾಯಿಂಗ್ ಮಾಡುವುದನ್ನು ಕಲಿತು ಬಂದಿದ್ದಳು. ಅಪ್ಪನಿಗೆ ಮಾತ್ರ ಆಸೆ ಹೋಗಿತ್ತು. ಹೊಸ ಮರ ತರುವುದನ್ನು ನಿಲ್ಲಿಸಿ, ಮರ ತಿರುವುವ ಲೇಥ್ ಮಾರಲು ಗಿರಾಕಿ ನೋಡುತ್ತಿದ್ದರು.

‘ಬಸಣ್ಣ, ಫೌಂಡ್ರಿಗೇ ಹೋಗಿ ಕೆಲಸ ಮಾಡ್ಬೇಕು. ಕಂಪ್ಯೂಟರ್ ಮೊಪೆಡ್ ಮ್ಯಾಲೆ ಕಾಲಿನ ಹತ್ರ ಕೂಡಬೇಕು, ಅಷ್ಟು ಸಣ್ಣದಿರ್ಲಿ. ಆದ್ರೆ ದೊಡ್ಡ ಮಷಿನ್ ಮಾಡೋ ಕೆಲಸ ಮಾಡ್ಬೇಕು. ಮಾನಿಟರ್ ಅವ್ರ ಆಫೀಸ್‌ನಾಗೇ ಐತೆ’ ಅಂದಳು. ಅವಳ ದನಿಯಲ್ಲಿ ಬೇಡಿಕೆ ಇರಲಿಲ್ಲ, ಕೆಲಸ ಗೊತ್ತಿದ್ದವರ ಧೈರ್ಯವಿತ್ತು. ಆ ಹುಡುಗಿಗೆ ಈ ಕೆಲಸ ಸಿಗಲೇಬೇಕು ಎಂದು ಆ ಕ್ಷಣಕ್ಕೇ ನನಗನ್ನಿಸಿತು.

ಈಗ ಅಂಗೈಯಗಲದ ಕಂಪ್ಯೂಟರ್ ಕೊಳ್ಳುವ ನಿಮಗೆ ಇದು ತಮಾಷೆ. ಆಗ ಸಣ್ಣ ಕಂಪ್ಯೂಟರ್ ಅಂದರೆ ಶಕ್ತಿ ಇಲ್ಲದ್ದು, ಶಕ್ತಿ ಇದ್ದದ್ದು ಅಂದರೆ ಬೀರುವಿನಷ್ಟು ದೊಡ್ಡದು. ಹೊಸ ಪೆಂಟಿಯಂ, ಡ್ರಾಯಿಂಗ್ ತಿರುಗಿಸಲು ಬೇಕಾದ ದುಬಾರಿ ಕಾರ್ಡು, ಜೋರಾಗಿ ಸುತ್ತುವ ಹಾರ್ಡ್‌ಡಿಸ್ಕ್, ಮೂರೂ ಕರೆಂಟ್ ಕುಡಿಯುವಂಥವು. ಇವನ್ನೆಲ್ಲ ಹಿಡಿಸುವ ಒಂದು ತೆಳು ಕ್ಯಾಬಿನೆಟ್ ಹೇಗೋ ತರಿಸಿದೆ. ಅದರಲ್ಲಿ ಎಸ್‌ಎಂಪಿಎಸ್‌ಗೆ ಇದ್ದ ಜಾಗ ಒಂದು ಬುತ್ತಿ ಡಬ್ಬಿಯಷ್ಟು. ಅಲ್ಲಿಗೆ ಕೂರುವಂಥವು ಎರಡೇ ಸಿಕ್ಕವು. ಒಂದು ಹೊಸದು, ಲೇಬಲ್ಲಿನ ಮೇಲೆ ಇನ್ನೂರೈವತ್ತು ವ್ಯಾಟ್, ಕೈಗೆ ಕಲ್ಲಿನಂತೆ ಹತ್ತುತ್ತಿತ್ತು. ಇನ್ನೊಂದು, ಯಾವುದೋ ಆಫೀಸು ಗುಜರಿಗೆ ಹಾಕಿದ ವಿದೇಶಿ ಕಂಪ್ಯೂಟರಿನಿಂದ ಬಿಚ್ಚಿದ್ದು, ಬರೆದದ್ದು ನೂರಾನಲವತ್ತೈದು, ಎತ್ತಿದರೆ ಖಾಲಿ ಡಬ್ಬಿ.

ಸಾಹುಕಾರರು ಎರಡನ್ನೂ ತೂಗಿ, ಭಾರದ್ದೇ ಇರಲಿ ಎಂದು ತೀರ್ಪು ಕೊಟ್ಟರು. ಶಾಹಿದಾ ಕೂಡ ದೊಡ್ಡ ಅಂಕಿಯ ಕಡೆಗೇ ಇದ್ದಳು. ನಾನು ಲೇಬಲ್ಲಿನ ಕೆಳಗಿನ ಸಣ್ಣ ಅಕ್ಷರ ತೋರಿಸಿದೆ. ಒಟ್ಟು ವ್ಯಾಟ್ ಎಷ್ಟು ಅನ್ನುವುದು ಮನೆಯ ತೊಟ್ಟಿಯಲ್ಲಿ ನೀರೆಷ್ಟು ಎಂದು ಹೇಳಿದ ಹಾಗೆ. ಅಡುಗೆಮನೆಯ ನಲ್ಲಿಗೆ ಎಷ್ಟು ಬರುತ್ತದೆ ಅನ್ನುವುದು ಬೇರೆ ಮಾತು. ಆಗಿನ ಪ್ರೊಸೆಸರ್, ಕಾರ್ಡು ಕುಡಿಯುತ್ತಿದ್ದದ್ದು ಐದು ಮತ್ತು ಮೂರು ಚಿಲ್ಲರೆ ವೋಲ್ಟಿನ ಸಣ್ಣ ನಲ್ಲಿಗಳಿಂದ. ಭಾರದ ಪೆಟ್ಟಿಗೆ ಆ ನಲ್ಲಿಗಳ ಲೆಕ್ಕವನ್ನೇ ಬರೆದಿರಲಿಲ್ಲ, ಹಗುರದ್ದು ಒಂದೊಂದನ್ನೂ ಬಿಡಿಸಿ ಬರೆದಿತ್ತು. ನಮ್ಮ ಯಂತ್ರಕ್ಕೆ ಎಲ್ಲ ಸೇರಿ ನೂರು ವ್ಯಾಟ್ ಕೂಡ ಬೇಕಿರಲಿಲ್ಲ.

ಖಾದರ್ ಸಾಬ್ರು ಜೇಬಿನಿಂದ ತಮ್ಮ ಹಿತ್ತಾಳೆ ಸ್ಕೇಲು ತೆಗೆದು ಗಾದಿಯ ಮೇಲಿಟ್ಟರು. ‘ಇದು ಬಜಾರಿನ ಸ್ಕೇಲಿಗಿಂತ ಒಂಚೂರು ಉದ್ದ ಐತ್ರಿ. ಎರಕ ಆರಿದ ಮ್ಯಾಲೆ ಕುಗ್ತೈತೆ, ಅದನ್ನ ಮೊದಲೇ ಹಿಡ್ಕೊಂಡಿರ್ತೀವಿ. ಈ ಡಬ್ಬಿ ಮ್ಯಾಲೆ ಬರೆದಿದ್ದು ಕೆಲಸಕ್ಕೆ ಹಚ್ಚಿದ ಮ್ಯಾಲೆ ಎಷ್ಟು ಕುಗ್ತೈತೆ?’

ಎಸ್‌ಎಂಪಿಎಸ್ ಬಗ್ಗೆ ನನ್ನ ಜೀವಮಾನದಲ್ಲಿ ಯಾರಾದರೂ ಕೇಳಿದ ಅತ್ಯುತ್ತಮ ಪ್ರಶ್ನೆ ಅದು. ಬಿಸಿಯಾದರೆ ಕುಗ್ಗುತ್ತದೆ, ಕರೆಂಟ್ ಇಳಿದರೆ ಕುಗ್ಗುತ್ತದೆ, ಬರೆದವನು ಸುಳ್ಳನಾಗಿದ್ದರೆ ಅರ್ಧಕ್ಕರ್ಧ ಕುಗ್ಗುತ್ತದೆ. ಎಷ್ಟು ಎಂದು ಬಿಚ್ಚಿ ನೋಡದೆ ಹೇಳಲಾರೆ, ಬಿಚ್ಚಿದರೆ ಗ್ಯಾರಂಟಿ ಹೋಗುತ್ತದೆ ಅಂದೆ.

ಸಾಹುಕಾರರು ಆ ಸ್ಕೇಲನ್ನು ಎತ್ತಿ ಬೆಳಕಿಗೆ ಹಿಡಿದರು. ಆಮೇಲೆ ಗಾದಿಯ ಹಿಂದಿನ ಗೂಡಿಗೆ ಕೈಹಾಕಿ ಚೂಪು ತುದಿಯ ಒಂದು ಕಬ್ಬಿಣದ ಕೊಳವೆ ತೆಗೆದರು. ಮಂಡಿಯಲ್ಲಿ ಚೀಲಕ್ಕೆ ಚುಚ್ಚಿ, ಒಳಗಿನ ಕಾಳನ್ನು ಹೊರಗೆಳೆದು ನೋಡುವ ಕೊಳವೆ, ಅವರ ಅಪ್ಪನ ಕಾಲದ್ದು. ‘ಚುಚ್ಚಿ ನೋಡದೆ ನಮ್ಮಪ್ಪ ಒಂದ್ ಚೀಲನೂ ಇಳಿಸ್ಕೊಂಡೋನಲ್ಲ. ನಾನು ಯಾಕ ಬರೀ ತೂಗ್ತಾ ಕುಂತೆ?’ ಅಂದು, ಹೊಸ ಎಸ್‌ಎಂಪಿಎಸ್‌ನ ಚೀಟಿಯನ್ನು ಆ ತುದಿಯಿಂದಲೇ ಸೀಳಿ ನನ್ನ ಕಡೆ ತಳ್ಳಿದರು.

ಸ್ಕ್ರೂ ಬಿಚ್ಚಿದೆ. ತಳದಲ್ಲಿ ಅಂಗೈಯಗಲದ ಒಂದು ಕಬ್ಬಿಣದ ಪಟ್ಟಿ, ಎರಡು ಸ್ಕ್ರೂ ಹಾಕಿ ಭದ್ರವಾಗಿ ಕೂರಿಸಿದ್ದು. ಅದಕ್ಕೆ ಒಂದು ವೈರೂ ಇಲ್ಲ, ಅದರಿಂದ ಒಂದು ಕೆಲಸವೂ ಇಲ್ಲ, ತೂಗುವವರ ಕೈಗೆಂದೇ ಇಟ್ಟದ್ದು. ಗಿರಾಕಿಯ ಕೈ ಭಾರ ನೋಡುತ್ತದೆ ಎಂದು ಯಾರೋ ಕಂಡುಕೊಂಡಿದ್ದರು, ನಾವು ಅವರಿಗೆ ಸಲೀಸಾಗಿ ಸಿಕ್ಕಿದ್ದೆವು. ಹಗುರದ ಪೆಟ್ಟಿಗೆಯಲ್ಲಿ ಎರಡು ದಪ್ಪ ಕೆಪಾಸಿಟರ್‌ಗಳಿದ್ದವು. ಕರೆಂಟ್ ಕಣ್ಣು ಮಿಟುಕಿಸಿದಷ್ಟು ಹೊತ್ತು ತಪ್ಪಿಹೋದರೆ ಅವುಗಳಲ್ಲಿ ಕೂಡಿಟ್ಟದ್ದೇ ಯಂತ್ರವನ್ನು ನಡೆಸುತ್ತದೆ, ನಲ್ಲಿ ನಿಂತಾಗ ಕೊಡದಲ್ಲಿದ್ದ ನೀರಿನ ಹಾಗೆ. ಭಾರದ್ದರಲ್ಲಿ ಇದ್ದದ್ದು ಎರಡು ಕಡ್ಡಿಯಂಥವು. ಸಾಹುಕಾರರು ಸಿಟ್ಟಾಗುತ್ತಾರೆಂದು ಕಾದೆ. ಅವರು ಪಟ್ಟಿ ಬಿಚ್ಚಿಸಿಕೊಂಡು, ಕಾಗದ ಹಾರದಂತೆ ಇಡಲು ಒಳ್ಳೆಯದಾಯಿತು ಅಂದರು. ಅದು ಅಂಗಡಿ ಇರುವವರೆಗೂ ಗಾದಿಯ ಮೇಲಿತ್ತು.

ಮಾರನೇ ದಿನ ಮಧ್ಯಾಹ್ನದ ಬಿಸಿಲಿಗೆ ಎರಡನ್ನೂ ಪರೀಕ್ಷೆಗೆ ಒಡ್ಡಿದೆ. ಗ್ಯಾರೇಜಿನಿಂದ ಕಾರಿನ ಹೆಡ್‌ಲೈಟ್ ಬಲ್ಬು ತಂದು, ಕಂಪ್ಯೂಟರಿನ ಬದಲು ಅವನ್ನೇ ಹೊರೆಯಾಗಿ ಹೊರಿಸಿ, ಕ್ಯಾಬಿನೆಟ್ ಮುಚ್ಚಿ, ವೋಲ್ಟೇಜ್ ಏರಿಳಿಸುವ ಡಬ್ಬಿಯ ಗುಂಡಿ ತಿರುವಿ ಮೆಲ್ಲಗೆ ಇಳಿಸುತ್ತ ಹೋದೆ. ಭಾರದ್ದು ಇನ್ನೂರರ ಕೆಳಗೆ ಹೋದ ಸ್ವಲ್ಪಕ್ಕೇ ಕೈಚೆಲ್ಲಿತು. ಹಗುರದ್ದು ಹದಡಿಯ ನೂರೈವತ್ತಕ್ಕೆ ಇಳಿದರೂ ಬಲ್ಬು ಉರಿಸುತ್ತಲೇ ಇತ್ತು. ಶಾಹಿದಾಳ ಕಂಪ್ಯೂಟರಿಗೆ ಅದನ್ನೇ ಕೂರಿಸಿದೆ. ಅಂದಿನಿಂದ ನಮ್ಮ ಅಂಗಡಿಯಲ್ಲಿ ಬಿಚ್ಚದೆ, ಬಲ್ಬಿಗೆ ಹಚ್ಚದೆ ಒಂದು ಎಸ್‌ಎಂಪಿಎಸ್ಸೂ ಹೊರಗೆ ಹೋಗಲಿಲ್ಲ. ರುದ್ರೇಶಪ್ಪನವರಿಗೂ ಒಂದನ್ನು ಹಾಗೆ ಪರೀಕ್ಷಿಸಿ ಕೊಟ್ಟು, ಕೆಂಪು ಸ್ವಿಚ್ಚಿನ ಮೇಲೆ ಪಟ್ಟಿ ಅಂಟಿಸಿ ಬಂದೆ. ಸಪ್ಲೈ ಮಾಡುವವರು ಮೊದಲು ಕೂಗಾಡಿದರು, ಆಮೇಲೆ ದಾವಣಗೆರೆಗೆ ಅಂದರೆ ಒಳ್ಳೆಯ ಮಾಲನ್ನೇ ಆರಿಸಿ ಕಳಿಸತೊಡಗಿದರು. ಈಗ ನಿಮಗೆ ಪರೀಕ್ಷೆಯ ವರದಿಗಳು ಮೊಬೈಲಿನಲ್ಲೇ ಸಿಗುತ್ತವೆ. ಭಾಗ್ಯವಂತರು. ಆದರೂ ಒಳಗೇನಿದೆ ಎಂದು ನೋಡಿದವನ ಮಾತು ಓದಿ, ಮೇಲಿನ ಅಂಕಿಯನ್ನು ಮಾತ್ರ ಓದಬೇಡಿ.

ಹಾಲಪ್ಪನವರು ಕರೆದ ದಿನ ಅಂಗಡಿಯ ವ್ಯಾನಿನಲ್ಲಿ ಮೂವರೂ ಹರಿಹರಕ್ಕೆ ಹೊರಟೆವು. ನಾನು ಓಡಿಸುತ್ತಿದ್ದೆ. ಶಾಹಿದಾ ಕಂಪ್ಯೂಟರಿನ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಹಿಂದೆ ಕೂತಿದ್ದಳು. ಲೇಥ್ ಕೊಳ್ಳುವವರು ಸಂಜೆ ಮುಂಗಡ ಹಿಡಿದು ಬರುತ್ತಾರೆ, ಬೇಗ ತಿರುಗಿ ಬರಬೇಕು ಎಂದು ಖಾದರ್ ಸಾಬ್ರು ಹೇಳಿದರು.

ಫೌಂಡ್ರಿಯ ಆಫೀಸಿನಲ್ಲಿ ಲೆಕ್ಕ ಬರೆಯುವ ಒಂದು ಕಂಪ್ಯೂಟರ್ ಇತ್ತು. ಅದರ ಯುಪಿಎಸ್ ಬ್ಯಾಟರಿ ಸತ್ತು, ಈಗ ಗುಮಾಸ್ತರ ಊಟದ ಡಬ್ಬಿ ಇಡುವ ಮೇಜಾಗಿತ್ತು. ಆಫೀಸಿನ ಇನ್ನೊಂದು ಮಾನಿಟರನ್ನು ನಮ್ಮ ಪೆಟ್ಟಿಗೆಗೆ ಜೋಡಿಸಿ, ಲೆಕ್ಕದ ಕಂಪ್ಯೂಟರ್ ಇದ್ದ ಪ್ಲಗ್‌ಬೋರ್ಡಿಗೇ ಸಿಕ್ಕಿಸಿದೆವು. ಶಾಹಿದಾ ಒಂದು ಪಂಪಿನ ಕವಚವನ್ನು ಪರದೆಯ ಮೇಲೆ ತಂದು ತಿರುಗಿಸಿದಳು. ಹಾಲಪ್ಪನವರು ಇಲ್ಲಿ ದಪ್ಪ ಮಾಡಿ, ಅಲ್ಲಿ ತೂತು ಸರಿಸಿ ಎನ್ನುತ್ತ ಹೋದರು, ಅವಳು ಮಾಡುತ್ತ ಹೋದಳು. ಅಷ್ಟರಲ್ಲಿ ಆಚೆ ಶೆಡ್ಡಿನಲ್ಲಿ ಕಬ್ಬಿಣ ಕರಗಿಸುವ ಕರೆಂಟಿನ ಫರ್ನೇಸ್ ಹಾಕಿದರು. ಆಫೀಸಿನ ದೀಪ ಕುಗ್ಗಿತು. ಲೆಕ್ಕದ ಕಂಪ್ಯೂಟರ್ ಟಕ್ ಎಂದು ಆರಿತು. ಗುಮಾಸ್ತರು ರೂಢಿಯಂತೆ ಕೈಕಟ್ಟಿ ಹಿಂದಕ್ಕೊರಗಿದರು. ನಮ್ಮೆದುರಿನ ಪರದೆಯೂ ಕಪ್ಪಾಯಿತು.

ಶಾಹಿದಾ ಅದುವರೆಗೆ ಮಾಡಿದ ಒಂದು ತಿದ್ದುಪಡಿಯನ್ನೂ ಉಳಿಸಿಟ್ಟಿರಲಿಲ್ಲ. ಅವಳು ಮೌಸ್ ಮೇಲಿನ ಕೈ ತೆಗೆಯದೆ ನನ್ನ ಮುಖ ನೋಡಿದಳು. ನಾನು ಪೆಟ್ಟಿಗೆಯ ಹಿಂದೆ ಅಂಗೈ ಹಿಡಿದೆ. ಗಾಳಿ ಬರುತ್ತಿತ್ತು. ಫ್ಯಾನ್ ನಿಂತಿರಲಿಲ್ಲ. ಆರಿದ್ದು ಮಾನಿಟರ್ ಮಾತ್ರ. ದೀಪ ಮತ್ತೆ ಬೆಳಗಿತು, ಪರದೆ ಮೆಲ್ಲಗೆ ತಿಳಿಯಾಯಿತು, ಪಂಪಿನ ಕವಚ ಸರಿಸಿದ ತೂತಿನ ಸಮೇತ ಬಿಟ್ಟಲ್ಲೇ ನಿಂತಿತ್ತು. ನನಗೆ ಕಣ್ಣು ತುಂಬಿ ಬಂತು. ತಗಡಿನ ಡಬ್ಬಿಗೆ ಕಣ್ಣೀರು ಹಾಕುವ ಗಂಡಸು ಎಂದು ನಗಬೇಡಿ.

ಹಾಲಪ್ಪನವರು ಕಿಟಕಿಯಿಂದ ಕೂಗಿ ಫರ್ನೇಸನ್ನು ಇನ್ನೊಮ್ಮೆ ನಿಲ್ಲಿಸಿ ಹಾಕಿಸಿದರು. ಪೆಟ್ಟಿಗೆ ಅಲುಗಲಿಲ್ಲ. ಕೆಲಸ ನಿಮಗೇ ಅಂದರು. ಅಷ್ಟಕ್ಕೇ ಬಿಡಲಿಲ್ಲ, ಈ ಯಂತ್ರವನ್ನು ಇಲ್ಲೇ ಬಿಟ್ಟುಹೋಗಿ, ನಾನೇ ಕೊಂಡುಕೊಳ್ಳುತ್ತೇನೆ ಎಂದೂ ಸೇರಿಸಿದರು.

‘ಡ್ರಾಯಿಂಗ್ ಫ್ಲಾಪಿನ್ಯಾಗ ಹಾಕಿ ನಿಮಗ ಕೊಟ್ಟು, ಇದ್ರಾಗಿಂದ ಅಳಿಸ್ತೀನಿ. ಡಬ್ಬಿ ಮಾತ್ರ ನನ್ ಜೊತಿ ಬರ್ತೈತ್ರಿ. ನೀವು ಕರೆದಾಗ ಇಬ್ರೂ ಬರ್ತೀವಿ’ ಅಂದಳು ಶಾಹಿದಾ, ವೈರು ಸುತ್ತುತ್ತ. ಹಾಲಪ್ಪನವರು ಜೋರಾಗಿ ನಕ್ಕು ಟೀ ತರಿಸಿದರು.

ವಾಪಸ್ ಬರುವಾಗ ದಾವಣಗೆರೆ ಹತ್ತಿರವಾದಂತೆ ಖಾದರ್ ಸಾಬ್ರು ಟಿಂಬರ್ ಡಿಪೊ ಮುಂದೆ ನಿಲ್ಲಿಸಲು ಹೇಳಿದರು. ಒಳಗೆ ಹೋಗಿ ಸಾಗುವಾನಿ ಹಲಗೆಗಳನ್ನು ಒಂದೊಂದಾಗಿ ಎತ್ತಿ, ಬೆರಳಿನಿಂದ ತಟ್ಟಿ, ಎರಡನ್ನು ಇನ್ನೊಮ್ಮೆ ನೋಡಲೆಂದು ಪಕ್ಕಕ್ಕಿಟ್ಟರು. ನಾನು ಅಂಗಡಿಯ ಅಭ್ಯಾಸದಂತೆ ಎರಡನ್ನೂ ಎತ್ತಿ, ಭಾರವಿದ್ದದ್ದನ್ನು ಅವರ ಕಡೆ ಚಾಚಿದೆ.

‘ಅದು ಬ್ಯಾಡ ಬಸಣ್ಣ. ಭಾರ ಇರೋದ್ರಾಗ ಇನ್ನೂ ನೀರೈತೆ, ನಾಳೆ ಸೊಟ್ಟಗಾಗ್ತೈತೆ’ ಅಂದು ಹಗುರವಾದದ್ದನ್ನು ತಾವೇ ಹೊತ್ತು ತಂದರು.

ಶಾಹಿದಾ ಪೆಟ್ಟಿಗೆಯನ್ನು ತೊಡೆಗೆ ಎಳೆದುಕೊಂಡು ಹಲಗೆಗೆ ಜಾಗ ಮಾಡಿದಳು. ಹಲಗೆಯ ತುದಿ ಕಿಟಕಿಯಿಂದ ಹೊರಗೆ ಚಾಚಿತ್ತು. ನಿಟ್ಟುವಳ್ಳಿಯ ತಿರುವಿನಲ್ಲಿ ಅವಳು ಅಪ್ಪನನ್ನು, ಲೇಥ್ ಕೊಳ್ಳೋಕೆ ಬಂದವರು ಬಾಗಿಲಲ್ಲೇ ಕೂತಿರುತ್ತಾರೆ, ಏನು ಹೇಳುವುದು ಎಂದು ಕೇಳಿದಳು.

ಖಾದರ್ ಸಾಬ್ರು ಹಲಗೆಯ ಮೇಲಿಟ್ಟ ಕೈ ತೆಗೆಯಲಿಲ್ಲ.

‘ಲೇಥಿಗೆ ಕೆಲಸ ಐತೆ ಅನ್ನು’ ಅಂದರು.